ಕುಗ್ಗದ ನೀರು, ಕುಗ್ಗದ ಬೆರಳು

ಜರ್ಮನಿಯ ಕೀಲ್ ಬಂದರಿನ ಹತ್ತಿರ ಲಾಬೊ ಎಂಬ ಕಡಲೂರಿದೆ. ಅಲ್ಲಿನ ದಂಡೆಯಲ್ಲಿ, ನೀರಿನಿಂದ ಪೂರ್ತಿ ಹೊರಗೆ, ಯು-995 ಎಂಬ ಜಲಾಂತರ್ಗಾಮಿಯನ್ನು ಆಸರೆಗಳ ಮೇಲೆ ಕೂರಿಸಿದ್ದಾರೆ. 1943ರಲ್ಲಿ ಹ್ಯಾಂಬರ್ಗಿನ ಹಡಗುಕಟ್ಟೆಯಿಂದ ಸೇವೆಗೆ ಹೊರಟ ದೋಣಿ ಇದು. ಯುದ್ಧ ಮುಗಿದ ಮೇಲೆ ನಾರ್ವೆಯ ನೌಕಾಪಡೆ ಸೇರಿ ‘ಕೌರಾ’ ಎಂಬ ಹೆಸರು ಪಡೆಯಿತು. 1972ರಿಂದ ವಸ್ತುಸಂಗ್ರಹಾಲಯವಾಗಿದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಜರ್ಮನಿ ಕಟ್ಟಿದ ‘ಟೈಪ್ 7’ ಕುಟುಂಬದ ಸುಮಾರು ಏಳುನೂರು ಜಲಾಂತರ್ಗಾಮಿಗಳಲ್ಲಿ ಇವತ್ತು ಇಡಿಯಾಗಿ ಉಳಿದಿರುವುದು ಇದೊಂದೇ.

ಪ್ರವಾಸಿಗರು ಒಳಗೆ ಹೋಗಿ ಎಂಜಿನ್ ನೋಡುತ್ತಾರೆ, ಟಾರ್ಪೆಡೊ ಕೊಳವೆ ನೋಡುತ್ತಾರೆ. ಮಾದರಿ ಕಟ್ಟುವವರು ಹೊರಗೇ ನಿಂತುಬಿಡುತ್ತಾರೆ. ಪಕ್ಕೆಯುದ್ದಕ್ಕೂ ಸಾಲುಗಟ್ಟಿದ ಸೀಳುಗಂಡಿಗಳನ್ನು, ಗೋಪುರದ ಸುತ್ತಲಿನ ಕೈಗಂಬಿಗಳನ್ನು, ಮುಂಭಾಗದಿಂದ ಗೋಪುರಕ್ಕೆ ಎಳೆದ ತಂತಿಯನ್ನು ಅವರು ಬೇರೆ ಬೇರೆ ಕೋನಗಳಿಂದ ನೋಡುತ್ತಾರೆ, ಚಿತ್ರ ತೆಗೆಯುತ್ತಾರೆ. ಮನೆಯ ಮೇಜಿನ ಮೇಲಿರುವ ಮಾದರಿಗೆ ಕಿಟ್ ಕಂಪನಿ ಕೊಡದ ಭಾಗಗಳು ಇವೇ. ಪ್ಲಾಸ್ಟಿಕ್ ಹಾಳೆ, ಹಿತ್ತಾಳೆ ತಂತಿ, ಅಂಟು, ಅರ, ಚಿಮುಟ ಹಿಡಿದು ಇವನ್ನು ಕೈಯಾರೆ ಮಾಡಬೇಕು. ಈ ಕಸುಬಿಗೆ ಅವರು ‘ಸ್ಕ್ರ್ಯಾಚ್ ಬಿಲ್ಡಿಂಗ್’ ಎನ್ನುತ್ತಾರೆ. ತಾಳ್ಮೆಯ ಹವ್ಯಾಸ ಎಂದು ಇದನ್ನು ಹೊಗಳಿ ಬಿಡುವುದುಂಟು. ನನಗೆ ಇದು ಭೌತಶಾಸ್ತ್ರದ ಒಂದು ಒಳ್ಳೆಯ ಪ್ರಯೋಗಶಾಲೆಯಾಗಿ ಕಾಣುತ್ತದೆ. ಇಲ್ಲಿ ಆಕಾರವನ್ನು ಎಪ್ಪತ್ತೆರಡು ಪಟ್ಟು ಕುಗ್ಗಿಸಬಹುದು. ಆದರೆ ಪ್ಲಾಸ್ಟಿಕ್ಕಿನ ಅಣುಸರಪಳಿ, ನೀರಿನ ಮೇಲ್ಮೈ ಎಳೆತ, ನೋಡುವ ಕಣ್ಣು, ಹಿಡಿಯುವ ಬೆರಳು ಯಾವುವೂ ಆಕಾರದ ಜೊತೆ ಕುಗ್ಗುವುದಿಲ್ಲ. ಮಾಡುವವರಿಗೆ ಎದುರಾಗುವ ಕಷ್ಟಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ, ಅವಕ್ಕೆ ಕಂಡುಕೊಂಡ ಉಪಾಯಗಳೂ ಇಲ್ಲಿಂದಲೇ.

ಎಪ್ಪತ್ತೆರಡು ಎಂಬ ಸಂಖ್ಯೆ ಅಡಿ-ಅಂಗುಲದ ಲೆಕ್ಕದಿಂದ ಬಂದದ್ದು. 1/72 ಪ್ರಮಾಣದಲ್ಲಿ ಆರಡಿ ಎತ್ತರದ ಆಳು ಸರಿಯಾಗಿ ಒಂದು ಅಂಗುಲ. ಯುದ್ಧದಲ್ಲಿ ಅತಿ ಹೆಚ್ಚು ಬಳಕೆಯಾದ ‘7 ಸಿ’ ಮಾದರಿಯ ಉದ್ದ 67.1 ಮೀಟರ್, ಅಗಲ 6.2 ಮೀಟರ್. ಇಳಿಸಿದಾಗ ಉದ್ದ 93 ಸೆಂಟಿಮೀಟರ್, ಅಗಲ ಸುಮಾರು ಎಂಟೂವರೆ ಸೆಂಟಿಮೀಟರ್. ಮೇಜಿನ ಮೇಲೆ ಇದು ದೊಡ್ಡ ವಸ್ತುವೇ. ವಿವರಗಳ ಕಡೆ ಬಂದರೆ ಸಂಖ್ಯೆಗಳು ತಟ್ಟನೆ ಇಳಿಯುತ್ತವೆ. ಕಡಲ ಒತ್ತಡ ತಾಳುವ ಒಳಗವಚದ ಉಕ್ಕಿನ ದಪ್ಪ 18.5 ಮಿಲಿಮೀಟರ್, ಮಾದರಿಯಲ್ಲಿ ಅದು ಕಾಲು ಮಿಲಿಮೀಟರ್. 8.8 ಸೆಂಟಿಮೀಟರ್ ಫಿರಂಗಿಯ ನಳಿಕೆಯ ಬಾಯಿ 1.2 ಮಿಲಿಮೀಟರ್. ಮೂರು ಸೆಂಟಿಮೀಟರ್ ದಪ್ಪದ ಕೈಗಂಬಿ 0.4 ಮಿಲಿಮೀಟರ್. ಬೆರಳ ದಪ್ಪದ ಉಕ್ಕಿನ ಹಗ್ಗ ಎರಡು ಮೂರು ತಲೆಗೂದಲನ್ನು ಒಟ್ಟಿಗೆ ಹೊಸೆದಷ್ಟು.

ಕಿಟ್ ತಯಾರಿಸುವವರು ಇವನ್ನೆಲ್ಲ ಯಾಕೆ ಅಚ್ಚಿನಲ್ಲೇ ಮಾಡಿಕೊಡುವುದಿಲ್ಲ? ಕಾರಣ ಶಾಖದ ಚಲನೆಯಲ್ಲಿದೆ. ಕರಗಿದ ಪಾಲಿಸ್ಟೈರೀನನ್ನು ಭಾರಿ ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಗೆ ನುಗ್ಗಿಸುತ್ತಾರೆ. ಅಚ್ಚು ತಣ್ಣಗಿರುತ್ತದೆ. ಪ್ಲಾಸ್ಟಿಕ್ ಒಳಹೊಕ್ಕ ಕ್ಷಣದಿಂದಲೇ ಗೋಡೆಯ ಕಡೆಯಿಂದ ಹೆಪ್ಪುಗಟ್ಟತೊಡಗುತ್ತದೆ. ಪೂರ್ತಿ ಗಟ್ಟಿಯಾಗಲು ಬೇಕಾದ ಸಮಯ ದಪ್ಪದ ವರ್ಗವನ್ನು ಅವಲಂಬಿಸಿದೆ. ಎರಡು ಮಿಲಿಮೀಟರ್ ದಪ್ಪದ ಹಡಗಿನ ಗೋಡೆಗೆ ಹತ್ತು ಸೆಕೆಂಡಿನ ಆಸುಪಾಸು ಸಮಯ ಸಿಗುತ್ತದೆ. 0.2 ಮಿಲಿಮೀಟರಿನ ಕಂಬಿಗೆ ಸಿಗುವುದು ಅದರ ನೂರನೇ ಒಂದು ಪಾಲು, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟರಲ್ಲಿ ಪ್ಲಾಸ್ಟಿಕ್ ಕಂಬಿಯ ಕೊನೆಯನ್ನು ತಲುಪುವುದಿಲ್ಲ. ಹಾಗಾಗಿ ಅಚ್ಚಿನ ಕೈಗಂಬಿ ಅರ್ಧ ಮಿಲಿಮೀಟರಿಗಿಂತ ದಪ್ಪವಾಗಿರಬೇಕಾಗುತ್ತದೆ. ಜೊತೆಗೆ ಎರಡು ಅಚ್ಚು ಕೂಡುವ ಕಡೆ ಉದ್ದಕ್ಕೂ ಒಂದು ಏಣು ಮೂಡುತ್ತದೆ. ಅದನ್ನು ಹೆರೆದು ತೆಗೆಯಲು ಹೋದರೆ ಕಂಬಿಯೇ ಮುರಿಯುತ್ತದೆ.

ಎಷ್ಟು ಚಿಕ್ಕದರವರೆಗೆ ಹೋಗಬೇಕು ಎಂಬುದನ್ನು ಕಣ್ಣು ತೀರ್ಮಾನಿಸುತ್ತದೆ. ಒಳ್ಳೆಯ ದೃಷ್ಟಿಯುಳ್ಳ ಕಣ್ಣು ಪಕ್ಕಪಕ್ಕದ ಎರಡು ಗೆರೆಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಅವುಗಳ ನಡುವೆ ಸುಮಾರು ಒಂದು ಕೋನ ನಿಮಿಷದ ಅಂತರ ಬೇಕು. ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು ಅದು. ಮೂವತ್ತು ಸೆಂಟಿಮೀಟರ್ ದೂರದಿಂದ ನೋಡುವಾಗ ಅದು 0.09 ಮಿಲಿಮೀಟರಿಗೆ ಸಮ. ಎಪ್ಪತ್ತೆರಡರಿಂದ ಗುಣಿಸಿದರೆ ನಿಜವಾದ ಹಡಗಿನ ಮೇಲೆ ಆರು ಮಿಲಿಮೀಟರಿಗೆ ತುಸು ಹೆಚ್ಚು. ಮಾದರಿಯನ್ನು ಮುಖದ ಹತ್ತಿರ ಹಿಡಿದು ನೋಡುವುದೆಂದರೆ ನಿಜವಾದ ಹಡಗನ್ನು ಇಪ್ಪತ್ತೊಂದೂವರೆ ಮೀಟರ್ ದೂರದಿಂದ ನೋಡಿದಂತೆ. ಆ ದೂರದಿಂದ ಬೋಲ್ಟಿನ ತಿರುಪುಗೆರೆ ಕಾಣದು. ಅದನ್ನು ಮಾಡಹೊರಡುವುದು ವ್ಯರ್ಥ.

ತಂತಿಯ ವಿಷಯ ಮಾತ್ರ ಬೇರೆ. ಎರಡು ಗೆರೆಗಳನ್ನು ಬೇರ್ಪಡಿಸಿ ನೋಡುವುದಕ್ಕೂ ಬಯಲು ಆಕಾಶದ ಎದುರು ಒಂಟಿ ಕಪ್ಪು ಗೆರೆ ಇದೆಯೋ ಇಲ್ಲವೋ ಎಂದು ಪತ್ತೆಹಚ್ಚುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದರಲ್ಲಿ ಕಣ್ಣು ಅಸಾಧಾರಣ. ಬೆಳಕು ಚೆನ್ನಾಗಿದ್ದರೆ ಕೋನ ನಿಮಿಷದ ನೂರನೇ ಒಂದು ಪಾಲಿನಷ್ಟು ತೆಳುವಾದ ತಂತಿಯೂ ಇದೆ ಎಂದು ತಿಳಿಯುತ್ತದೆ. ಅದರ ದಪ್ಪ ಗೊತ್ತಾಗುವುದಿಲ್ಲ, ಇರುವಿಕೆ ಗೊತ್ತಾಗುತ್ತದೆ. ಆದ್ದರಿಂದ ಮಾದರಿಯ ಮೇಲಿನ ತಂತಿಯನ್ನು ‘ಹೇಗೂ ಕಾಣುವುದಿಲ್ಲ’ ಎಂದು ಬಿಡುವಂತಿಲ್ಲ, ‘ಹೇಗೂ ತಿಳಿಯುವುದಿಲ್ಲ’ ಎಂದು ದಪ್ಪ ದಾರ ಕಟ್ಟುವಂತೆಯೂ ಇಲ್ಲ. ಉಳಿದೆಲ್ಲ ಸರಿಯಾಗಿದ್ದು ತಂತಿಯೊಂದು ದಪ್ಪವಾದರೆ ಇಡೀ ಹಡಗು ಆಟಿಕೆಯಾಗಿ ಕಾಣುತ್ತದೆ.

ಅಳತೆ ಎಲ್ಲಿಂದ ತರುವುದು? ನಕ್ಷೆಗಳು ಸಿಗುತ್ತವೆ, ಆದರೆ ಒಂದೊಂದು ಹಡಗಿನ ಗಂಡಿಗಳ ಸಾಲು ನಕ್ಷೆಯಲ್ಲಿ ಇದ್ದಂತೆಯೇ ಇರಲಿಲ್ಲ. ಆಗ ಹಳೆಯ ಛಾಯಾಚಿತ್ರವೇ ಆಧಾರ. ಓರೆಯಿಂದ ತೆಗೆದ ಚಿತ್ರದಲ್ಲಿ ದೂರದ ಗಂಡಿ ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ. ಸ್ಕೇಲು ಇಟ್ಟು ಅಳೆದರೆ ತಪ್ಪುತ್ತದೆ. ಇಲ್ಲಿ ಜ್ಯಾಮಿತಿ ನೆರವಿಗೆ ಬರುತ್ತದೆ. ಒಂದೇ ಸರಳರೇಖೆಯ ಮೇಲಿರುವ ನಾಲ್ಕು ಬಿಂದುಗಳ ನಡುವಿನ ದೂರಗಳಿಂದ ಲೆಕ್ಕ ಹಾಕುವ ‘ಕ್ರಾಸ್ ರೇಷಿಯೊ’ ಎಂಬ ಒಂದು ಅನುಪಾತವಿದೆ. ಕ್ಯಾಮೆರಾ ಎಲ್ಲಿಯೇ ನಿಂತಿರಲಿ, ಎಷ್ಟೇ ಓರೆಯಾಗಿರಲಿ, ಅದರ ಬೆಲೆ ಬದಲಾಗುವುದಿಲ್ಲ. ಗೋಪುರದ ಮುಂದಿನ ಅಂಚು, ಫಿರಂಗಿಯ ಪೀಠ, ಮುಂದಣ ತುದಿ ಈ ಮೂರರ ನಿಜವಾದ ಸ್ಥಾನ ನಕ್ಷೆಯಿಂದ ತಿಳಿದಿದ್ದರೆ, ಅದೇ ರೇಖೆಯ ಮೇಲೆ ಬೀಳುವ ಯಾವುದೇ ನಾಲ್ಕನೇ ಬಿಂದುವಿನ ಸ್ಥಾನವನ್ನು ಚಿತ್ರದಿಂದ ಲೆಕ್ಕ ಹಾಕಬಹುದು. ಶಾಲೆಯ ಕಾಗದದ ಮೇಲೆ ಮುಗಿಯುವ ಗಣಿತವಿದು. ಎಂಬತ್ತು ವರ್ಷದ ಹಿಂದೆ ಯಾರೋ ನಾವಿಕ ತೆಗೆದ ಮಸುಕು ಚಿತ್ರದಿಂದ ಅದು ಸೆಂಟಿಮೀಟರುಗಳನ್ನು ಹೊರತೆಗೆಯುತ್ತದೆ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಇನ್ನು ಗಂಡಿಗಳಿಗೆ ಬರೋಣ. ಈ ಹಡಗಿನ ಹೊರ ಆಕಾರ ನಮ್ಮನ್ನು ದಾರಿ ತಪ್ಪಿಸುತ್ತದೆ. ಒತ್ತಡ ತಾಳುವುದು ಒಳಗಿನ 4.7 ಮೀಟರ್ ವ್ಯಾಸದ ಉಕ್ಕಿನ ಕೊಳವೆ. ಮೇಲೆ ಕಾಣುವ ಅಟ್ಟ, ಚೂಪು ಮೂತಿ, ಗೋಪುರದ ಸುತ್ತಲಿನ ಕವಚ ಇವೆಲ್ಲ ತೆಳು ತಗಡಿನ ಹೊದಿಕೆ. ಅಲೆಗಳ ಮೇಲೆ ಚೆನ್ನಾಗಿ ಸಾಗಲಿ ಎಂದು ಹೊದಿಸಿದ್ದು. ಹೊದಿಕೆಗೂ ಕೊಳವೆಗೂ ನಡುವಿನ ಜಾಗ ಕಡಲಿಗೆ ತೆರೆದೇ ಇರುತ್ತದೆ. ಮುಳುಗುವಾಗ ಅಲ್ಲಿರುವ ಗಾಳಿ ಹೊರಟು ನೀರು ತುಂಬಬೇಕು, ಏಳುವಾಗ ನೀರು ಸುರಿದು ಹೋಗಬೇಕು. ವಿಮಾನ ಕಂಡ ತಕ್ಷಣ ಮೂವತ್ತು ಸೆಕೆಂಡಿನ ಒಳಗೆ ಮರೆಯಾಗಬೇಕಾದ ಹಡಗಿಗೆ ಅಲ್ಲಿ ಸಿಕ್ಕಿಬಿದ್ದ ಗಾಳಿ ಪ್ರಾಣಾಂತಿಕ. ಸೀಳುಗಂಡಿಗಳ ಕೆಲಸ ಅದು. ಒಂದೊಂದು ಹಡಗುಕಟ್ಟೆ ತನ್ನದೇ ವಿನ್ಯಾಸದಲ್ಲಿ ಇವನ್ನು ಕೊರೆಯುತ್ತಿತ್ತು. ಬಲ್ಲವರು ಗಂಡಿಗಳ ಸಾಲು ನೋಡಿಯೇ ಹಡಗು ಯಾವ ಊರಿನಲ್ಲಿ ಹುಟ್ಟಿತು ಎಂದು ಹೇಳುತ್ತಾರೆ.

ಕಿಟ್ಟುಗಳಲ್ಲಿ ಗಂಡಿಯ ಜಾಗದಲ್ಲಿ ಬಹುಪಾಲು ಬರಿಯ ತಗ್ಗು ಇರುತ್ತದೆ. ಕಪ್ಪು ಬಣ್ಣ ಬಳಿದರೆ ಸಾಕು ಎಂದು ತೋರಬಹುದು. ಸಾಲದು. ನಿಜವಾದ ಗಂಡಿಯ ಕಪ್ಪು ಒಂದು ಬಣ್ಣವಲ್ಲ. ಒಳಹೊಕ್ಕ ಬೆಳಕು ಹಲವು ಸಲ ತಟ್ಟಿ ಸೋತು ಹೊರಬರದೆ ಉಳಿದದ್ದು. ನೋಡುವ ಕೋನ ಬದಲಾದಂತೆ ಒಳಗಿನ ಕೊಳವೆಯ ಬೆನ್ನು ಒಂದಿಷ್ಟು ಮಿಂಚಿ ಮರೆಯಾಗುತ್ತದೆ. ಬಳಿದ ಕಪ್ಪು ಹಾಗೆ ಮಾಡದು. ಹೀಗಾಗಿ ಕೊರೆಯಲೇಬೇಕು. ಸಾಲಿನಲ್ಲಿ ಮುಕ್ಕಾಲು ಮಿಲಿಮೀಟರಿನ ಡ್ರಿಲ್ ಬಿಟ್ಟಿನಿಂದ ತೂತು ಇಟ್ಟು, ತೂತುಗಳನ್ನು ಸಣ್ಣ ಅರದಿಂದ ಒಂದು ಮಾಡುತ್ತಾರೆ. ಮೋಟಾರಿನ ಡ್ರಿಲ್ ಇಲ್ಲಿ ಬೇಡ. ಘರ್ಷಣೆಯ ಬಿಸಿಗೆ ಪಾಲಿಸ್ಟೈರೀನ್ ನೂರು ಡಿಗ್ರಿಯ ಹತ್ತಿರವೇ ಮೆತ್ತಗಾಗಿ ಬಿಟ್ಟಿಗೆ ಸುತ್ತಿಕೊಳ್ಳುತ್ತದೆ. ಕೈಯಲ್ಲಿ ತಿರುಗಿಸುವ ಪಿನ್ ವೈಸ್ ಸಾಕು.

ಕೊರೆದ ಕೂಡಲೇ ಹೊಸ ತೊಡಕು ಕಾಣುತ್ತದೆ. ಕಿಟ್ಟಿನ ಗೋಡೆ ಎರಡು ಮಿಲಿಮೀಟರ್ ದಪ್ಪವೆಂದರೆ ಪ್ರಮಾಣದಲ್ಲಿ 144 ಮಿಲಿಮೀಟರ್. ಹೊದಿಕೆಯ ತಗಡು ಕೋಟೆಗೋಡೆಯಾಗಿ ಕಾಣುತ್ತದೆ. ಅದಕ್ಕೆ ಒಳಗಿನಿಂದ ಗಂಡಿಯ ಸುತ್ತ ಇಳಿಜಾರಾಗಿ ಹೆರೆದು, ಹೊರ ಅಂಚು ಕಾಗದದಷ್ಟು ಉಳಿಯುವಂತೆ ಮಾಡುತ್ತಾರೆ. ಹೊರಗಿನವರಿಗೆ ಕಾಣುವುದು ಅಂಚು ಮಾತ್ರ. ಇನ್ನು ಕೆಲವರು ಆ ಭಾಗವನ್ನೇ ಕತ್ತರಿಸಿ ತೆಗೆದು, 0.13 ಮಿಲಿಮೀಟರಿನ ಪ್ಲಾಸ್ಟಿಕ್ ಹಾಳೆಯಿಂದ ಹೊದಿಕೆಯನ್ನು ಹೊಸದಾಗಿ ಕಟ್ಟುತ್ತಾರೆ. ನನ್ನ ಮೆಚ್ಚುಗೆ ಎರಡನೆಯವರಿಗೆ. ಒಳಗಿನ ಕೊಳವೆಯ ಬೆನ್ನನ್ನೂ ಆಸರೆಯ ಪಕ್ಕೆಲುಬುಗಳನ್ನೂ ಅವರು ಕಟ್ಟಿಕೊಳ್ಳಲೇಬೇಕಾಗುತ್ತದೆ, ಹಾಗಾಗಿ ಹಡಗು ಹೇಗೆ ನಿಂತಿದೆ ಎಂಬುದು ಅವರಿಗೆ ಕೈಯಿಂದ ತಿಳಿಯುತ್ತದೆ.

ತೆಳು ಹಾಳೆಗೆ ಅಂಟು ಹಚ್ಚುವಾಗ ಎಚ್ಚರ ಬೇಕು. ಪ್ಲಾಸ್ಟಿಕ್ ಮಾದರಿಗೆ ಬಳಸುವ ನೀರಿನಂಥ ದ್ರವ ವಾಸ್ತವದಲ್ಲಿ ಅಂಟೇ ಅಲ್ಲ, ಬ್ಯೂಟನೋನ್ ಅಥವಾ ಡೈಕ್ಲೋರೊಮೀಥೇನ್‌ನಂಥ ದ್ರಾವಕ. ಎರಡು ಭಾಗಗಳನ್ನು ಕೂಡಿಸಿ ಹಿಡಿದು ಕುಂಚದ ತುದಿ ಮುಟ್ಟಿಸಿದರೆ ಬಿರುಕಿನುದ್ದಕ್ಕೂ ತಾನೇ ಹರಿದುಹೋಗುತ್ತದೆ. ಎರಡೂ ಮೇಲ್ಮೈಗಳ ಅಣುಸರಪಳಿಗಳು ಸಡಿಲಗೊಂಡು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ದ್ರಾವಕ ಆರಿದ ಮೇಲೆ ಸಂದು ಉಳಿಯುವುದಿಲ್ಲ, ಒಂದೇ ತುಂಡು. ದಪ್ಪ ಗೋಡೆಯಲ್ಲಿ ಈ ಮೆತ್ತಗಾಗುವಿಕೆ ಮೇಲುಮೇಲಿನದು. 0.13 ಮಿಲಿಮೀಟರ್ ಹಾಳೆಯಲ್ಲಿ ಅದು ಆರುಪಾರಾಗಿ ಹೋಗಿ ಹಾಳೆ ಸುಕ್ಕುಗಟ್ಟುತ್ತದೆ. ಈ ದೋಷವನ್ನೇ ಗುಣವಾಗಿ ಬಳಸುವುದೂ ಉಂಟು. ಉಕ್ಕಿನ ತಗಡುಗಳ ಬೆಸುಗೆಯ ಉಬ್ಬುಗೆರೆ ಬೇಕಾದಲ್ಲಿ ಕೂದಲಿನಂಥ ಪ್ಲಾಸ್ಟಿಕ್ ಎಳೆಯನ್ನು ಇಟ್ಟು ಮೇಲೆ ದ್ರಾವಕ ಸವರುತ್ತಾರೆ. ಎಳೆ ಅರ್ಧ ಕರಗಿ ಅಂಕುಡೊಂಕಾಗಿ ಕೂರುತ್ತದೆ. ಮನುಷ್ಯರ ಕೈ ಹಾಕಿದ ಬೆಸುಗೆಯೂ ಹಾಗೆಯೇ ಇರುತ್ತದೆ.

ಆ ಎಳೆ ಮಾಡುವ ರೀತಿಯನ್ನು ನಿಧಾನವಾಗಿ ನೋಡುವುದು ಒಳ್ಳೆಯದು. ಕಿಟ್ಟಿನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಗೆ ತುಸು ಮೇಲೆ ಹಿಡಿದು ಹೊರಳಿಸಬೇಕು. ನೂರು ಡಿಗ್ರಿ ದಾಟುತ್ತಿದ್ದಂತೆ ಗಾಜಿನಂತೆ ಬಿಗಿಯಾಗಿದ್ದ ಸರಪಳಿಗಳು ಜಾರತೊಡಗುತ್ತವೆ, ಕಡ್ಡಿ ಬಳುಕುತ್ತದೆ. ಆಗ ಜ್ವಾಲೆಯಿಂದ ಹೊರತಂದು ಎರಡೂ ಕೈಯಿಂದ ಎಳೆದರೆ ಎಳೆ ಹುಟ್ಟುತ್ತದೆ. ಪ್ಲಾಸ್ಟಿಕ್ಕಿನ ಗಾತ್ರ ಬದಲಾಗುವುದಿಲ್ಲವಾದ್ದರಿಂದ ವ್ಯಾಸ ಇಪ್ಪತ್ತನೇ ಒಂದು ಪಾಲಾದರೆ ಉದ್ದ ನಾನೂರು ಪಟ್ಟಾಗಬೇಕು. ಮೂರು ಮಿಲಿಮೀಟರ್ ಕಡ್ಡಿಯಲ್ಲಿ ಮೆತ್ತಗಾದ ಭಾಗ ಎರಡೇ ಮಿಲಿಮೀಟರ್ ಉದ್ದವಿದ್ದರೂ ಸಾಕು, 0.15 ಮಿಲಿಮೀಟರ್ ದಪ್ಪದ ಎಂಬತ್ತು ಸೆಂಟಿಮೀಟರ್ ಎಳೆ ಸಿಗುತ್ತದೆ. ಬೇಗ ಎಳೆದರೆ ತೆಳು, ನಿಧಾನಿಸಿದರೆ ದಪ್ಪ.

ಗೋಪುರದಿಂದ ಹಡಗಿನ ಮುಂತುದಿಗೆ ಒಂದು, ಹಿಂತುದಿಗೆ ಎರಡು ಉಕ್ಕಿನ ತಂತಿಗಳು ಹೋಗುತ್ತಿದ್ದವು. ಕಡಲಲ್ಲಿ ಹರಡಿದ ಬಲೆಗಳು ಗೋಪುರಕ್ಕೆ ಸಿಕ್ಕಿಕೊಳ್ಳದೆ ಮೇಲೆ ಜಾರಿಹೋಗಲಿ ಎಂದು ಮೊದಲು ಕಟ್ಟಿದವು. ಮುಂದೆ ಅವೇ ರೇಡಿಯೊ ಆಂಟೆನಾಗಳಾದವು. ಮಾದರಿಯಲ್ಲಿ ಈ ಜಾಗಕ್ಕೆ ಎಳೆದ ಪ್ಲಾಸ್ಟಿಕ್ ಎಳೆಯನ್ನು ಅಂಟಿಸಿದರೆ ಮೊದಲಿಗೆ ಸ್ವಲ್ಪ ಜೋಲುತ್ತದೆ. ನಿಜವಾದ ತಂತಿಯನ್ನು ಬಿಗಿಯಲು ತಿರುಪು ಇತ್ತು, ಇಲ್ಲಿ ಊದುಬತ್ತಿ ಇದೆ. ಹೊತ್ತಿಸಿದ ಊದುಬತ್ತಿಯ ಕೆಂಡವನ್ನು ಎಳೆಗೆ ತಾಗಿಸದೆ ಹತ್ತಿರದಲ್ಲಿ ಆಡಿಸಿದರೆ ನೋಡನೋಡುತ್ತ ಎಳೆ ತಾನಾಗಿ ಬಿಗಿಯುತ್ತದೆ. ಎಳೆಯುವಾಗ ಸರಪಳಿಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ನಿಂತು, ಹಾಗೆಯೇ ತಣಿದು ಸಿಕ್ಕಿಬಿದ್ದಿದ್ದವು. ಬಿಸಿ ತಗುಲಿದಾಗ ಅವಕ್ಕೆ ಮತ್ತೆ ಅಲುಗುವ ಸ್ವಾತಂತ್ರ್ಯ ಸಿಗುತ್ತದೆ. ನೆಟ್ಟಗೆ ನಿಲ್ಲುವ ವಿಧ ಒಂದು, ಸುರುಳಿಯಾಗಿ ಮುದುಡುವ ವಿಧಗಳು ಲೆಕ್ಕವಿಲ್ಲದಷ್ಟು. ಹಾಗಾಗಿ ಅವು ಮುದುಡುತ್ತವೆ, ಎಳೆ ಕುಗ್ಗುತ್ತದೆ. ರಬ್ಬರ್ ಪಟ್ಟಿಯ ಸೆಳೆತದ ಹಿಂದಿರುವುದೂ ಇದೇ ಎಂಟ್ರೊಪಿ. ಒಂದು ಕ್ಷಣ ಹೆಚ್ಚಾದರೆ ಎಳೆ ತುಂಡಾಗುತ್ತದೆ.

ಆ ತಂತಿಗಳ ನಡುನಡುವೆ ಪಿಂಗಾಣಿಯ ಗುಂಡುಗಳಿದ್ದವು. ಆಂಟೆನಾದ ವಿದ್ಯುತ್ತು ಹಡಗಿನ ಉಕ್ಕಿಗೆ ಇಳಿಯದಂತೆ ತಡೆಯುವ ಅವಾಹಕಗಳು. 1/72ರಲ್ಲಿ ಇವು ಗಸಗಸೆಗಿಂತ ಚಿಕ್ಕವು. ಕೆತ್ತಿ ಮಾಡಲು ಸಾಧ್ಯವಿಲ್ಲ. ಮಾಡುವ ಅಗತ್ಯವೂ ಇಲ್ಲ, ಮೇಲ್ಮೈ ಎಳೆತವೇ ಮಾಡಿಕೊಡುತ್ತದೆ. ಫೆವಿಕಾಲ್‌ನಂಥ ಬಿಳಿ ಅಂಟನ್ನು ಸೂಜಿಮೊನೆಯಲ್ಲಿ ತೆಗೆದು ಎಳೆಗೆ ಸವರಿದರೆ ಅಂಟು ಕೊಳವೆಯಾಗಿ ಉಳಿಯದೆ ಗುಂಡಾಗಿ ಕೂಡಿಕೊಳ್ಳುತ್ತದೆ. ಬೆಲ್ಜಿಯಮ್ಮಿನ ಜೋಸೆಫ್ ಪ್ಲಾಟೊ ಹತ್ತೊಂಬತ್ತನೇ ಶತಮಾನದಲ್ಲಿ ಇದರ ನಿಯಮ ಕಂಡುಕೊಂಡರು: ದ್ರವದ ದುಂಡು ಕಂಬ ತನ್ನ ಸುತ್ತಳತೆಗಿಂತ ಉದ್ದವಾದರೆ ಅದು ಅಸ್ಥಿರ, ಹನಿಗಳಾಗಿ ಒಡೆದರೆ ಮೇಲ್ಮೈ ಕಡಿಮೆಯಾಗುತ್ತದೆ. ಮುಂದೆ ಲಾರ್ಡ್ ರ್‍ಯಾಲೆ ಇದಕ್ಕೆ ಗಣಿತದ ಬಲ ಕೊಟ್ಟರು. ಜೇಡರ ಬಲೆಯ ಮೇಲೆ ಇಬ್ಬನಿ ಮಣಿಮಣಿಯಾಗಿ ನಿಲ್ಲುವುದು ಇದೇ ನಿಯಮದಿಂದ. ಅಂಟಿನಲ್ಲಿರುವ ನೀರು ಆರಿದಂತೆ ಗುಂಡು ಕುಗ್ಗುತ್ತದೆ, ಆದ್ದರಿಂದ ಎರಡು ಮೂರು ಸಲ ಸವರಬೇಕು. ನಿಜವಾದ ಹಡಗಿನಲ್ಲಿ ಈ ಬಲ ಲೆಕ್ಕಕ್ಕೇ ಬರುವುದಿಲ್ಲ. ಗಾತ್ರ ಇಳಿದಂತೆ ಅದು ಮಾಡುವವರ ಸಹಾಯಕನಾಗುತ್ತದೆ. ಅದೇ ಬಲ ಮುಂದೆ ಎದುರಾಳಿಯೂ ಆಗುವುದನ್ನು ನೋಡಲಿದ್ದೇವೆ.

ಕೈಗಂಬಿಗಳಿಗೆ ಪ್ಲಾಸ್ಟಿಕ್ ಆಗದು. ಇಲ್ಲಿಯ ತೊಡಕು ಸ್ವಂತ ತೂಕದ್ದಲ್ಲ. ಚಿಕ್ಕದಾದಷ್ಟೂ ವಸ್ತು ತನ್ನ ತೂಕವನ್ನು ಹೆಚ್ಚು ಸುಲಭವಾಗಿ ಹೊರುತ್ತದೆ. ಹೊರಲಾಗದ್ದು ನಮ್ಮ ಬೆರಳಿನ ತಾಗು. ಧೂಳೊರೆಸುವಾಗ ತಗುಲಿದ ಬೆರಳು 1/72ರ ಜಗತ್ತಿನಲ್ಲಿ ಒಂದೂಕಾಲು ಮೀಟರ್ ದಪ್ಪದ ತೊಲೆ. ಹಿತ್ತಾಳೆ ಪಾಲಿಸ್ಟೈರೀನಿಗಿಂತ ಸುಮಾರು ಮೂವತ್ತು ಪಟ್ಟು ಪೆಡಸು. ಮಿತಿ ಮೀರಿ ಬಾಗಿದರೂ ಮುರಿಯುವುದಿಲ್ಲ, ತಿದ್ದಿ ನೆಟ್ಟಗೆ ಮಾಡಬಹುದು. ಹೀಗಾಗಿ ಕಂಬಿ, ಏಣಿ, ದಿಕ್ಕು ಹುಡುಕುವ ಬಳೆಯಾಕಾರದ ಆಂಟೆನಾ ಎಲ್ಲವೂ ಹಿತ್ತಾಳೆಯವು. ಗೋಪುರದ ಹಿಂದಿನ ಕುದುರೆಲಾಳದಂಥ ಬಾಗು ಬರಿಸಲು ತಂತಿಯನ್ನು ಡ್ರಿಲ್ ಬಿಟ್ಟಿನ ಹಿಡಿಯ ಸುತ್ತ ಬಾಗಿಸುತ್ತಾರೆ. ಬಿಟ್ಟ ಕೂಡಲೇ ಲೋಹ ತುಸು ಹಿಂದಕ್ಕೆ ಚಿಮ್ಮುತ್ತದೆ. ಆದ್ದರಿಂದ ಬೇಕಾದುದಕ್ಕಿಂತ ಸಣ್ಣ ಬಿಟ್ಟು ಆರಿಸಬೇಕು.

ಇನ್ನೂ ತೆಳುವಾದದ್ದು ಬೇಕಾದರೆ ತಾಮ್ರ. ನಮ್ಮ ಯಾವುದೇ ತಾಲ್ಲೂಕು ಕೇಂದ್ರದ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಇದರ ಸುರುಳಿಗಳಿರುತ್ತವೆ. ತಂತಿಯ ದಪ್ಪ ಹೇಳುವ ಎಸ್‌ಡಬ್ಲ್ಯೂಜಿ ಅಳತೆಯಲ್ಲಿ 36ರ ತಂತಿ 0.19 ಮಿಲಿಮೀಟರ್, 40ರದ್ದು 0.12. ಎಪ್ಪತ್ತೆರಡರಿಂದ ಗುಣಿಸಿದರೆ 14 ಮತ್ತು 9 ಮಿಲಿಮೀಟರಿನ ಹಗ್ಗಗಳು. ಸುರುಳಿಯಿಂದ ಬಿಚ್ಚಿದ ತಂತಿ ಅಂಕುಡೊಂಕಾಗಿರುತ್ತದೆ. ಒಂದು ತುದಿಯನ್ನು ವೈಸಿನಲ್ಲಿ ಕಚ್ಚಿಸಿ ಇನ್ನೊಂದನ್ನು ಇಕ್ಕಳದಿಂದ ನಿಧಾನವಾಗಿ ಎಳೆದಾಗ, ಒಂದು ಘಟ್ಟದಲ್ಲಿ ತಂತಿ ಮಣಿದು ತುಸು ಉದ್ದವಾದದ್ದು ಕೈಗೆ ತಿಳಿಯುತ್ತದೆ. ಆ ಕ್ಷಣ ತಾಮ್ರದ ಹರಳುಗಳ ಪದರಗಳು ಒಂದರ ಮೇಲೊಂದು ಜಾರಿ, ಹಳೆಯ ಡೊಂಕೆಲ್ಲ ಅಳಿಸಿಹೋಗಿ, ತಂತಿ ಗೆರೆ ಎಳೆದಂತೆ ನೆಟ್ಟಗಾಗುತ್ತದೆ. ಮೊದಲಿಗಿಂತ ಗಟ್ಟಿಯೂ ಆಗುತ್ತದೆ.

ಬೆಸೆಯುವಾಗ ಶಾಖ ಮತ್ತೆ ಅಡ್ಡ ಬರುತ್ತದೆ. ತವರ 63, ಸೀಸ 37 ಪಾಲಿನ ಸೋಲ್ಡರ್ 183 ಡಿಗ್ರಿಯಲ್ಲಿ ಕರಗುತ್ತದೆ. ಒಂದು ಸೆಂಟಿಮೀಟರ್ ಅಂತರದ ಎರಡು ಕಂಬಗಳನ್ನು ಒಂದೇ ಕಂಬಿಗೆ ಬೆಸೆಯಬೇಕೆನ್ನಿ. ಎರಡನೆಯದಕ್ಕೆ ಕಾವು ಕೊಟ್ಟ ಮೂರು ಸೆಕೆಂಡಿನ ಆಸುಪಾಸಿನಲ್ಲಿ ಬಿಸಿ ಹಿತ್ತಾಳೆಯ ಮೂಲಕ ಮೊದಲನೆಯದನ್ನು ತಲುಪಿ ಅದನ್ನೂ ಬಿಡಿಸುತ್ತದೆ. ಇದಕ್ಕೆ ಉಪಾಯ ಎರಡು: ಮೊದಲ ಬೆಸುಗೆಯ ಮೇಲೆ ಒದ್ದೆ ಕಾಗದ ಹೊದಿಸುವುದು, ಅಥವಾ ಮೂರು ಸೆಕೆಂಡಿನ ಒಳಗೆ ಕೆಲಸ ಮುಗಿಸುವುದು. ಇದರಿಂದಾಗಿ ನುರಿತವರು ಸಣ್ಣ ಕೆಲಸಕ್ಕೆ ದೊಡ್ಡ, ಬಿಸಿಯಾದ ಸೋಲ್ಡರಿಂಗ್ ಕಡ್ಡಿ ಹಿಡಿಯುತ್ತಾರೆ. ತಣ್ಣನೆಯ ಸಣ್ಣ ಕಡ್ಡಿ ಹಿಡಿದು ತಡಮಾಡಿದರೆ ಎಲ್ಲವೂ ಕಾಯುತ್ತದೆ, ಯಾವುದೂ ಬೆಸೆಯುವುದಿಲ್ಲ.

ಜಾಲರಿಯಂಥ ಸಮತಟ್ಟು ಭಾಗಗಳನ್ನು ಕೆತ್ತುವುದು ರಸಾಯನ. ಹಿತ್ತಾಳೆ ತಗಡಿಗೆ ಬೆಳಕಿಗೆ ಗಟ್ಟಿಯಾಗುವ ಲೇಪ ಬಳಿದು, ನಕ್ಷೆಯ ಮೂಲಕ ನೇರಳಾತೀತ ಬೆಳಕು ಹಾಯಿಸಿ, ಗಟ್ಟಿಯಾಗದ ಕಡೆ ತೊಳೆದು, ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸುತ್ತಾರೆ. ಬಯಲಾದ ಲೋಹವನ್ನು ಅದು ತಿನ್ನುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡುವವರು ಕೊಳ್ಳುವುದೂ ಇದೇ ಪುಡಿ. ದ್ರಾವಣ ಆಳಕ್ಕೆ ಇಳಿದಂತೆ ಪಕ್ಕಕ್ಕೂ ತಿನ್ನುವುದರಿಂದ ತಗಡಿನ ದಪ್ಪಕ್ಕಿಂತ ಸಣ್ಣ ತೂತನ್ನು ಅಚ್ಚುಕಟ್ಟಾಗಿ ಪಡೆಯುವುದು ಕಷ್ಟ. ತೆಳು ವಿವರ ಬೇಕೆಂದರೆ ತೆಳು ತಗಡು ತರಬೇಕು.

ಈಗ ರೆಸಿನ್ ಮುದ್ರಣ ಯಂತ್ರಗಳು ಬಂದಿವೆ. 0.05 ಮಿಲಿಮೀಟರಿನ ಪದರಗಳಲ್ಲಿ ಏನನ್ನು ಬೇಕಾದರೂ ಕಟ್ಟಿಕೊಡುತ್ತವೆ. ಅವುಗಳನ್ನು ನಾನು ಸ್ವಾಗತಿಸುತ್ತೇನೆ. ಆದರೆ ಯಂತ್ರಕ್ಕೆ ಕೊಡುವ ನಕ್ಷೆಯಲ್ಲಿ ಆ ಭಾಗ ಯಾಕಿದೆ ಎಂಬ ತಿಳಿವಳಿಕೆ ಇರಬೇಕು. ಮುಂಭಾಗದ ಪಕ್ಕೆಯಲ್ಲಿ, ನೀರಿನ ಕೆಳಗೆ, ಕಮಾನಿನಂತೆ ಜೋಡಿಸಿದ ಸಣ್ಣ ಬಿಲ್ಲೆಗಳ ಸಾಲೊಂದಿದೆ. ತಿಳಿಯದವರು ಅವನ್ನು ಬೋಲ್ಟುಗಳೆಂದು ತಿಳಿದು ಉಬ್ಬು ಚುಕ್ಕೆ ಇಡುತ್ತಾರೆ. ಅವು ಕಡಲಿನ ಸದ್ದು ಕೇಳುವ ಕಿವಿಗಳು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಚಲಿಸುತ್ತದೆ. ದೂರದ ಹಡಗಿನ ಪ್ರೊಪೆಲ್ಲರಿನ ಸದ್ದು ಒಂದು ಬಿಲ್ಲೆಗೂ ಇನ್ನೊಂದಕ್ಕೂ ಕಿಂಚಿತ್ತು ಹಿಂದುಮುಂದಾಗಿ ತಲುಪುತ್ತದೆ. ಆ ವ್ಯತ್ಯಾಸವನ್ನು ಸರಿದೂಗಿಸಿ ದಿಕ್ಕು ಕಂಡುಹಿಡಿಯುತ್ತಿದ್ದರು. ಇದು ಗೊತ್ತಿದ್ದವರು ಬಿಲ್ಲೆಗಳ ನಡುವಿನ ಅಂತರವನ್ನು ಅಂದಾಜಿನಲ್ಲಿ ಇಡುವುದಿಲ್ಲ.

ಈ ಜಲಾಂತರ್ಗಾಮಿ ಕೊಲ್ಲಲು ಕಟ್ಟಿದ ಯಂತ್ರ ಎಂಬುದನ್ನೂ ಮರೆಯಬಾರದು. ಜರ್ಮನ್ ಜಲಾಂತರ್ಗಾಮಿಗಳಲ್ಲಿ ಹೋದ ಸುಮಾರು 40,000 ಮಂದಿಯಲ್ಲಿ ಮುಕ್ಕಾಲು ಪಾಲು ಜನ ಮರಳಲಿಲ್ಲ. ಅವು ಮುಳುಗಿಸಿದ ಹಡಗುಗಳಲ್ಲಿ ಸತ್ತವರೂ ಹತ್ತಾರು ಸಾವಿರ. ಬ್ರಿಟನ್ನಿನ ಸರಕು ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತದ ಖಲಾಸಿಗಳೂ ಆ ಯುದ್ಧದಲ್ಲಿ ಸಾವಿರಗಟ್ಟಲೆ ಸತ್ತರು. ಗೋಪುರದ ಕೈಗಂಬಿಗೆ ಪಟ್ಟಿಯಿಂದ ತಮ್ಮನ್ನು ಬಿಗಿದುಕೊಂಡು ಬಿರುಗಾಳಿಯಲ್ಲಿ ದಿಗಂತ ನೋಡುತ್ತಿದ್ದವರು ಹುಡುಕುತ್ತಿದ್ದದ್ದು ಇಂಥ ಹಡಗುಗಳನ್ನೇ. ಕಂಬಿಯನ್ನು ಸರಿಯಾದ ಎತ್ತರಕ್ಕೆ ನಿಲ್ಲಿಸುವಾಗ ಇದು ನೆನಪಿರಬೇಕೆಂದು ನನಗನಿಸುತ್ತದೆ.

ಈ ಎಲ್ಲ ಕಂಬಿ, ತಂತಿ, ಗಂಡಿ, ಫಿರಂಗಿಗಳಿಗೆ ನೀರಿನ ಕೆಳಗೆ ಬೆಲೆ ತೆರಬೇಕಿತ್ತು. ಮೇಲೆ 17.7 ನಾಟ್ ವೇಗದಲ್ಲಿ ಹೋಗುತ್ತಿದ್ದ 7 ಸಿ, ಮುಳುಗಿದಾಗ 7.6 ನಾಟ್ ಮಾತ್ರ ಓಡುತ್ತಿತ್ತು. ಯುದ್ಧದ ಕೊನೆಗೆ ಬಂದ ಟೈಪ್ 21ರಲ್ಲಿ ಬ್ಯಾಟರಿಗಳನ್ನು ಬಹಳ ಹೆಚ್ಚಿಸಿ, ಮೈಮೇಲಿನ ಅಡಚಣೆಗಳನ್ನು ಕಿತ್ತು ನುಣುಪು ಮಾಡಿದರು. ಅದು ಮೇಲಿಗಿಂತ ಕೆಳಗೇ ಬೇಗ ಓಡಿತು. ಆ ಮಾದರಿಯ ಒಂದು ಹಡಗು ಬ್ರೆಮರ್‌ಹಾಫನ್ನಿನಲ್ಲಿದೆ. ಅದರ ಮಾದರಿ ಕಟ್ಟುವವರಿಗೆ ಸೂಕ್ಷ್ಮ ಕೆಲಸ ಕಡಿಮೆ. ಗಂಡಿಗಳ ಸಾಲನ್ನು ಕೈಯಿಂದ ಮುಟ್ಟಿ ನೋಡಬೇಕೆನ್ನುವ ನಮ್ಮವರು ಜರ್ಮನಿಗೇ ಹೋಗಬೇಕಿಲ್ಲ. ವಿಶಾಖಪಟ್ಟಣದ ಕಡಲ ದಂಡೆಯಲ್ಲಿ 1969ರಲ್ಲಿ ಭಾರತದ ನೌಕಾಪಡೆ ಸೇರಿ 2001ರಲ್ಲಿ ನಿವೃತ್ತವಾದ ಐಎನ್‌ಎಸ್ ಕುರ್ಸುರಾ ಇದೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಬೇರೆ ವಂಶದ ಹಡಗಾದರೂ ಒಳಕೊಳವೆ, ಹೊರಹೊದಿಕೆ, ನಡುವೆ ನೀರು ಎಂಬ ತತ್ವ ಅದರದ್ದೂ ಹೌದು.

ಕೆಲವರು ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡದೆ ಕೊಳದಲ್ಲಿ ಓಡಿಸುತ್ತಾರೆ, ಮುಳುಗಿಸುತ್ತಾರೆ. ಆಗ ಮತ್ತೊಂದು ಲೆಕ್ಕ ಬೇಕು. 1870ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿ ಮೇಣದ ಹಡಗುಗಳನ್ನು ಎಳೆದು ನೋಡಿದ ವಿಲಿಯಂ ಫ್ರೂಡ್, ಮಾದರಿಯ ಅಲೆಗಳು ನಿಜವಾದ ಹಡಗಿನ ಅಲೆಗಳಂತೆ ಏಳಬೇಕಾದರೆ ವೇಗವನ್ನು ಪ್ರಮಾಣದ ವರ್ಗಮೂಲದಿಂದ ಇಳಿಸಬೇಕು ಎಂದು ತೋರಿಸಿದರು. 72ರ ವರ್ಗಮೂಲ ಸುಮಾರು ಎಂಟೂವರೆ. 17.7 ನಾಟ್ ಎಂಬುದು ಕೊಳದಲ್ಲಿ ಸೆಕೆಂಡಿಗೆ ಒಂದು ಮೀಟರಿಗೆ ತುಸು ಹೆಚ್ಚು. ಮೂವತ್ತು ಸೆಕೆಂಡಿನ ಮುಳುಗು ಮೂರೂವರೆ ಸೆಕೆಂಡಿನಲ್ಲಿ ಮುಗಿಯಬೇಕು.

ಮುಗಿಯುವುದಿಲ್ಲ. ಹತ್ತು ಸೆಂಟಿಮೀಟರ್ ಅಗಲದ ಗಂಡಿ ಮಾದರಿಯಲ್ಲಿ 1.4 ಮಿಲಿಮೀಟರ್. ಅಷ್ಟು ಕಿರಿದಾದ ಸೀಳಿಗೆ ನೀರಿನ ಪೊರೆ ಅಡ್ಡ ಕಟ್ಟಿಕೊಂಡರೆ ಅದನ್ನು ಒಡೆದು ಗಾಳಿ ಹೊರಬರಲು ಸುಮಾರು ಒಂದು ಸೆಂಟಿಮೀಟರ್ ನೀರಿನ ಒತ್ತಡ ಬೇಕು. ದುಂಡು ತೂತಾದರೆ ಎರಡು ಸೆಂಟಿಮೀಟರ್. ಹೊದಿಕೆಯ ಒಳಗಿನ ಜಾಗದ ಎತ್ತರವೇ ಹೆಚ್ಚುಕಡಿಮೆ ಅಷ್ಟು. ಅಂದರೆ ಕಷ್ಟಪಟ್ಟು ಸರಿಯಾದ ಅಳತೆಯಲ್ಲಿ ಕೊರೆದ ಗಂಡಿಗಳು ನೀರಿನ ಪಾಲಿಗೆ ಮುಚ್ಚಿದ ಬಾಗಿಲುಗಳು. ಮುಳುಗುವಾಗ ಗಾಳಿ ಒಳಗೆ ಸಿಕ್ಕಿ ಹಡಗು ಒಂದು ಕಡೆ ವಾಲುತ್ತದೆ. ಮೇಲೆದ್ದಾಗ ನೀರು ಸುರಿಯದೆ ಮೇಲ್ಭಾರವಾಗಿ ಮತ್ತೆ ವಾಲುತ್ತದೆ. ಎಳೆಯ ಮೇಲೆ ಅಂಟನ್ನು ಗುಂಡು ಮಾಡಿದ ಮೇಲ್ಮೈ ಎಳೆತವೇ ಇಲ್ಲಿ ಹಡಗನ್ನು ಕೆಡಹುತ್ತದೆ.

ಒಂದು ಹನಿ ಸಾಬೂನು ನೀರು ಈ ಎಳೆತವನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ. ಆದರೆ ಕೊಳಕ್ಕೆಲ್ಲ ಸಾಬೂನು ಹಾಕುವಂತಿಲ್ಲ, ಹಡಗಿನ ಒಳಮೈಗೆ ಸವರಿದರೆ ಬೇಗ ತೊಳೆದುಹೋಗುತ್ತದೆ. ಹೀಗಾಗಿ ಓಡುವ ಮಾದರಿ ಕಟ್ಟುವವರು ಪಕ್ಕೆಯ ಗಂಡಿಗಳನ್ನು ಅಳತೆಗೆ ತಕ್ಕಂತೆ ಬಿಟ್ಟು, ತಳದಲ್ಲಿ ಬೆರಳು ತೂರುವಷ್ಟು ಅಗಲದ ಕಿಂಡಿಗಳನ್ನು ಕೊರೆಯುತ್ತಾರೆ. ಅಟ್ಟದ ಹಲಗೆಗಳ ಕೆಳಗೆ, ಮೇಲಿನಿಂದ ಕಾಣದ ಕಡೆ, ಗಾಳಿಗೆಂದು ಇನ್ನೂ ಒಂದೆರಡು. ನಿಜವಾದ ಯು-995ರಲ್ಲಿ ಇವು ಇಲ್ಲ. ನೀರು ತಳದಿಂದ ಒಳಬರುತ್ತದೆ, ಗಾಳಿ ಹಲಗೆಗಳ ಸಂದಿನಿಂದ ಗುಳ್ಳೆಗಳಾಗಿ ಹೊರಡುತ್ತದೆ, ಹಡಗು ವಾಲದೆ ಸಮತಟ್ಟಾಗಿ ಇಳಿಯುತ್ತದೆ.